ನಿಮಗಿದು ಗೊತ್ತೇ? ಬಿಳಿ ಗೋಡೆಯೊಳಗಿನ ಬಣ್ಣಗಳು

ಹಬ್ಬ ಹತ್ತಿರ ಬಂತು, ಮಗಳ ಮದುವೆ ಗೊತ್ತಾಯಿತು, ಇಲ್ಲವೇ ಬಾಡಿಗೆಯವರು ಮನೆ ಖಾಲಿ ಮಾಡಿದರು ಎಂದ ಕೂಡಲೇ ಬಣ್ಣ ಹೊಡೆಸುವ ಮಾತು ಶುರುವಾಗುತ್ತದೆ. ಮಕ್ಕಳ ಕೋಣೆಗೆ ಯಾವ ಬಣ್ಣ ಎಂದು ಮನೆಯವರೆಲ್ಲ ಕೂತು ಚರ್ಚಿಸುತ್ತಾರೆ. ಹಾಲ್ ವಿಷಯ ಬಂದಾಗ ಮಾತ್ರ “ಏನಾದರೂ ಲೈಟಾಗಿ ಹೊಡೆಸಿಬಿಡೋಣ” ಎಂದು ಮಾತು ಮುಗಿಸುತ್ತಾರೆ. ಆಫ್‌ವೈಟ್, ಕ್ರೀಮ್, ಐವರಿ, ಬಿಸ್ಕತ್ ಬಣ್ಣ, ತೆಳು ಬೂದು, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ ಎಂಬ ನಂಬಿಕೆ. ಆದರೆ ಎಲ್ಲಕ್ಕಿಂತ ಎಚ್ಚರದಿಂದ ಆರಿಸಬೇಕಾದವು ಈ ನ್ಯೂಟ್ರಲ್ ಬಣ್ಣಗಳೇ. ಕಡುನೀಲಿ ಗೋಡೆ ಎಲ್ಲಿದ್ದರೂ ನೀಲಿಯೇ. ಆಫ್‌ವೈಟ್ ಗೋಡೆ ಹಾಗಲ್ಲ, ಅದು ನೆಲದಿಂದ, ಕಿಟಕಿಯಿಂದ, ಬಲ್ಬಿನಿಂದ, ಸೋಫಾದಿಂದ ಬಣ್ಣವನ್ನು ಕಡ ತರುತ್ತದೆ.

● ಪೇಂಟ್ ಕಂಪನಿಗಳ ಶೇಡ್ ಕಾರ್ಡಿನಲ್ಲಿ ‘ಬಿಳಿ’ ಎಂದು ಕಾಣುವ ಚೌಕಗಳು ಹತ್ತಾರು. ಪ್ರತಿಯೊಂದರಲ್ಲೂ ಒಂದು ಒಳಛಾಯೆ ಇರುತ್ತದೆ. ಕ್ರೀಮಿನೊಳಗೆ ಹಳದಿ, ಬಿಸ್ಕತ್ ಬಣ್ಣದೊಳಗೆ ಗುಲಾಬಿ ಅಥವಾ ಹಸಿರು, ಬೂದು ಬಣ್ಣದೊಳಗೆ ನೀಲಿ ಅಥವಾ ನೇರಳೆ. ಚೌಕವನ್ನು ಒಂಟಿಯಾಗಿ ನೋಡಿದರೆ ಒಳಛಾಯೆ ಕಣ್ಣಿಗೆ ಸಿಗುವುದಿಲ್ಲ. ನಾಲ್ಕು ಆಫ್‌ವೈಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಹಳದಿಗೆ, ಒಂದು ಗುಲಾಬಿಗೆ, ಮತ್ತೊಂದು ಹಸಿರಿಗೆ ವಾಲಿರುವುದು ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಇನ್ನೊಂದು ಉಪಾಯ: ಒಂದೇ ಪಟ್ಟಿಯಲ್ಲಿ ತೆಳುವಿನಿಂದ ಕಡುವಿನವರೆಗೆ ಏಳೆಂಟು ಚೌಕ ಇರುತ್ತವಲ್ಲ, ತೆಳುವನ್ನು ಆರಿಸುವ ಮುನ್ನ ಅದೇ ಪಟ್ಟಿಯ ಕಡುಚೌಕ ನೋಡಿ. ಅಲ್ಲಿ ಕಾಣುವ ಬಣ್ಣವೇ ಸಾಮಾನ್ಯವಾಗಿ ನಿಮ್ಮ ಗೋಡೆಯ ಮೂಲೆಗಳಲ್ಲಿ ಸಂಜೆ ಹೊತ್ತು ಇಣುಕುವುದು.

● ಹೋಲಿಸಿ ನೋಡಲು ಹಲವರು ಎ4 ಹಾಳೆ ಹಿಡಿಯುತ್ತಾರೆ. ಅದು ಒಳ್ಳೆಯದೇ. ಆದರೆ ಹೆಚ್ಚಿನ ಪ್ರಿಂಟರ್ ಹಾಳೆಗಳಿಗೆ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಆದ್ದರಿಂದ ಅದರ ಪಕ್ಕದಲ್ಲಿ ಎಂಥ ಬಿಳಿ ಬಣ್ಣವೂ ತುಸು ಹಳದಿಯಾಗಿಯೇ ಕಾಣುತ್ತದೆ. ಹಾಳೆಯನ್ನು ತೀರ್ಪುಗಾರನೆಂದು ಒಪ್ಪಬೇಡಿ, ಸಾಕ್ಷಿ ಎಂದಷ್ಟೇ ಇಟ್ಟುಕೊಳ್ಳಿ.

● ಬಿಳಿಗೆ ಬರೀ ಕಪ್ಪು ಬೆರೆಸಿದರೆ ಸಿಗುವುದು ಅಪ್ಪಟ ಬೂದು ಎಂದುಕೊಂಡಿದ್ದೀರಾ? ಮಸಿಯ ಕಪ್ಪನ್ನು ಬಿಳಿಯೊಂದಿಗೆ ಬೆರೆಸಿದಾಗ ಹಲವು ಸಲ ಬರುವುದು ನೀಲಿಗೆ ತಿರುಗಿದ ಬೂದು. ಅದನ್ನು ಬೆಚ್ಚಗಾಗಿಸಲು ಕಬ್ಬಿಣದ ಅಂಶವಿರುವ ಹಳದಿ ಅಥವಾ ಕಂದು ವರ್ಣದ್ರವ್ಯವನ್ನು ತುಸು ಸೇರಿಸಬೇಕಾಗುತ್ತದೆ.

● ಇಡೀ ವಿಶ್ವಕ್ಕೆ ಒಂದೇ ಬಣ್ಣ ಹೇಳಿ ಎಂದರೆ ಏನನ್ನುತ್ತೀರಿ? ಉತ್ತರ: ಆಫ್‌ವೈಟ್! ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಾರ್ಲ್ ಗ್ಲೇಜ್‌ಬ್ರೂಕ್ ಮತ್ತು ಇವಾನ್ ಬಾಲ್ಡ್ರಿ ಸುಮಾರು ಎರಡು ಲಕ್ಷ ಗ್ಯಾಲಕ್ಸಿಗಳ ಬೆಳಕನ್ನು ಒಟ್ಟುಗೂಡಿಸಿ ಸರಾಸರಿ ಬಣ್ಣ ಲೆಕ್ಕ ಹಾಕಿದರು. 2002ರ ಆರಂಭದಲ್ಲಿ ಮೊದಲು ಪ್ರಕಟವಾದದ್ದು ತೆಳು ಹಸಿರುನೀಲಿ. ಸಾಫ್ಟ್‌ವೇರಿನಲ್ಲಿ ಬಿಳಿಯನ್ನು ಗುರುತಿಸುವ ಬಿಂದುವೇ ತಪ್ಪಾಗಿತ್ತು. ತಿದ್ದಿದ ಮೇಲೆ ಬಂದದ್ದು ಹಾಲು ಹೆಚ್ಚಾದ ಕಾಫಿಯ ನೊರೆಯಂಥ ಕೆನೆಬಣ್ಣ. ಅದಕ್ಕೆ ‘ಕಾಸ್ಮಿಕ್ ಲಾಟೆ’ ಎಂದು ಹೆಸರಿಟ್ಟರು. ಬಿಳಿ ಯಾವುದು ಎಂಬ ಒಂದೇ ಬಿಂದು ಆಚೀಚೆಯಾದರೆ ವಿಶ್ವದ ಬಣ್ಣವೇ ಬದಲಾಗುತ್ತದೆ ಎಂದಮೇಲೆ ನಮ್ಮ ಹಾಲ್ ಬದಲಾಗುವುದರಲ್ಲಿ ಆಶ್ಚರ್ಯವೇನಿದೆ?

● ಉತ್ತರದ ಕೋಣೆಗೆ ತಣ್ಣನೆಯ ನೀಲಿ ಬೆಳಕು ಬರುತ್ತದೆ, ಅಲ್ಲಿ ನೇರ ಬಿಸಿಲಿಲ್ಲ, ಆದ್ದರಿಂದ ಬೆಚ್ಚನೆಯ ಕ್ರೀಮ್ ಹೊಡೆಸಿ ಎಂಬ ಸಲಹೆಯನ್ನು ನೀವು ಎಲ್ಲ ಕಡೆ ಓದಿರುತ್ತೀರಿ. ಅದು ಲಂಡನ್ನಿಗೆ, ನ್ಯೂಯಾರ್ಕಿಗೆ ಒಪ್ಪುವ ಮಾತು. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿ. ಇಲ್ಲಿ ಏಪ್ರಿಲ್ 24ರ ಹೊತ್ತಿಗೊಮ್ಮೆ, ಆಗಸ್ಟ್ 18ರ ಹೊತ್ತಿಗೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಅದೇ ಶೂನ್ಯ ನೆರಳಿನ ದಿನ. ಈ ಎರಡು ದಿನಗಳ ನಡುವಿನ ಹೆಚ್ಚುಕಡಿಮೆ ನಾಲ್ಕು ತಿಂಗಳು ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಅಷ್ಟೇ ಅಲ್ಲ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅವನು ಹುಟ್ಟುವುದು, ಮುಳುಗುವುದು ಎರಡೂ ಪೂರ್ವ ಪಶ್ಚಿಮಗಳಿಂದ ಉತ್ತರಕ್ಕೆ ಸರಿದು. ಹಾಗಾಗಿ ಬೇಸಿಗೆಯ ಬೆಳಗು ಸಂಜೆಗಳಲ್ಲಿ ನಮ್ಮ ಉತ್ತರದ ಕಿಟಕಿಗೆ ಓರೆ ಬಿಸಿಲು ಬೀಳುತ್ತದೆ. ವಿದೇಶಿ ಪುಸ್ತಕದ ದಿಕ್ಕಿನ ನಿಯಮವನ್ನು ಹಾಗೆಯೇ ತಂದು ದಾವಣಗೆರೆಯ ಮನೆಗೆ ಹಚ್ಚಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಮ್ಮಲ್ಲಿ ನಿಜವಾಗಿ ಗಮನಿಸಬೇಕಾದದ್ದು ಎರಡು. ಒಂದು, ಪಶ್ಚಿಮದ ಕಿಟಕಿ. ಸಂಜೆ ನಾಲ್ಕರ ಮೇಲೆ ಆ ಕೆಂಪು ಹಳದಿ ಬೆಳಕು ಕ್ರೀಮ್ ಗೋಡೆಯನ್ನು ಅರಿಸಿನದ ಗೋಡೆ ಮಾಡಿಬಿಡುತ್ತದೆ. ಅಂಥ ಕೋಣೆಗೆ ತುಸು ತಣ್ಣನೆಯ ಬಿಳಿ ವಾಸಿ. ಇನ್ನೊಂದು, ಮಳೆಗಾಲ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಜೂನ್‌ನಿಂದ ತಿಂಗಳುಗಟ್ಟಲೆ ಮೋಡದ ಮಂಕು ಬೆಳಕು. ಮಾರ್ಚಿನಲ್ಲಿ ಚೆಂದವೆನಿಸಿದ ನೀಲಿಬೂದು ಗೋಡೆ ಜುಲೈನಲ್ಲಿ ಮನಸ್ಸಿಗೇ ಭಾರವಾಗುತ್ತದೆ. ಅಲ್ಲಿಯವರಿಗೆ ಹಳದಿಯ ಸುಳಿವಿರುವ ಬಿಳಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

● ಬಲ್ಬಿನ ಡಬ್ಬಿಯ ಮೇಲೆ 2700, 4000, 6500 ಕೆಲ್ವಿನ್ ಎಂಬ ಅಂಕಿಗಳಿರುತ್ತವೆ. ಅಂಕಿ ಕಡಿಮೆಯಿದ್ದಷ್ಟೂ ಬೆಳಕು ಹಳದಿ, ಹೆಚ್ಚಿದಷ್ಟೂ ನೀಲಿ. ನಮ್ಮ ಮನೆಗಳಲ್ಲಿ ಬಹಳ ಕಡೆ ಉರಿಯುವುದು 6500ರ ಬಿಳಿ ಟ್ಯೂಬ್‌ಲೈಟ್. ಅದರಡಿ ಬೆಚ್ಚನೆಯ ಬಿಸ್ಕತ್ ಬಣ್ಣವೂ ಸಪ್ಪೆಯಾಗುತ್ತದೆ. ಗೋಡೆಯ ಬಣ್ಣ ಹಿಡಿಸುತ್ತಿಲ್ಲ ಎಂದು ಮತ್ತೆ ಪೇಂಟರನ್ನು ಕರೆಯುವ ಮೊದಲು ಬಲ್ಬ್ ಬದಲಿಸಿ ನೋಡಿ.

● ಎರಡು ಬಟ್ಟೆ ಅಂಗಡಿಯಲ್ಲಿ ಒಂದೇ ಬಣ್ಣ, ಮನೆಗೆ ತಂದರೆ ಬೇರೆ ಬೇರೆ. ಈ ಅನುಭವ ರವಿಕೆ ಬಟ್ಟೆ ಕೊಂಡವರಿಗೆಲ್ಲ ಇದೆ. ವಿಜ್ಞಾನ ಇದನ್ನು ಮೆಟಾಮೆರಿಸಂ ಎನ್ನುತ್ತದೆ. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಬಣ್ಣಗಳು ಒಂದು ಬೆಳಕಿನಲ್ಲಿ ಹೊಂದಿ, ಮತ್ತೊಂದರಲ್ಲಿ ಬೇರೆಯಾಗುತ್ತವೆ. ಪರದೆ ಮತ್ತು ಗೋಡೆಯನ್ನು ಹೊಂದಿಸುವವರು ಶೇಡ್ ಕಾರ್ಡನ್ನು ಮನೆಗೇ ತಂದು ಹಗಲಿನಲ್ಲೂ ದೀಪದಲ್ಲೂ ನೋಡಬೇಕು.

● ನೆರೆಹೊರೆಯ ಬಣ್ಣ ಕಣ್ಣನ್ನು ಹೇಗೆ ಏಮಾರಿಸುತ್ತದೆ ಎಂದು ಪಟ್ಟುಹಿಡಿದು ಶೋಧಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೆಲ್. 1824ರಲ್ಲಿ ಅವನು ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮೇಲ್ವಿಚಾರಕನಾದ. ಕಪ್ಪು ನೂಲಿನ ಬಣ್ಣ ಗಟ್ಟಿಯಿಲ್ಲ ಎಂಬ ದೂರು ಬಂತು. ನೂಲನ್ನು ಪರೀಕ್ಷಿಸಿದರೆ ದೋಷವೇ ಇಲ್ಲ. ನೀಲಿ, ನೇರಳೆ ನೂಲುಗಳ ಪಕ್ಕದಲ್ಲಿ ನೇಯ್ದಾಗ ಮಾತ್ರ ಕಪ್ಪು ಸೊರಗುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ತಮ್ಮ ವಿರುದ್ಧ ದಿಕ್ಕಿಗೆ ತಳ್ಳುತ್ತವೆ ಎಂಬ ನಿಯಮವನ್ನು 1839ರಲ್ಲಿ ದೊಡ್ಡ ಪುಸ್ತಕವಾಗಿ ಬರೆದ. ಕೆಂಪು ಸೋಫಾದ ಹಿಂದಿನ ಬೂದು ಗೋಡೆ ಹಸಿರುಗಟ್ಟಿದಂತೆ ಕಾಣುವುದು ಅವನ ನಿಯಮದಂತೆಯೇ. ಶೆವ್ರೆಲ್ 102 ವರ್ಷ ಬದುಕಿದ್ದ.

● ಕಣ್ಣು ಮೋಸಹೋಗುವುದಕ್ಕೆ ಇನ್ನೆರಡು ಸಾಕ್ಷಿ. ಅಮೆರಿಕದ ಎಂಐಟಿಯ ಎಡ್ವರ್ಡ್ ಆ್ಯಡೆಲ್ಸನ್ 1995ರಲ್ಲಿ ಒಂದು ಚದುರಂಗದ ಹಾಸಿನ ಚಿತ್ರ ರಚಿಸಿದ. ಅದರಲ್ಲಿ ನೆರಳಿನೊಳಗಿನ ‘ಬಿಳಿ’ ಚೌಕ, ನೆರಳಿನ ಹೊರಗಿನ ‘ಕಪ್ಪು’ ಚೌಕ ಎರಡೂ ಒಂದೇ ಬೂದು. 2015ರ ಫೆಬ್ರುವರಿಯಲ್ಲಿ ಒಂದು ಉಡುಪಿನ ಫೋಟೋ ಜಗತ್ತನ್ನೆಲ್ಲ ಸುತ್ತಿತು. ಕೆಲವರಿಗೆ ಬಿಳಿ ಮತ್ತು ಬಂಗಾರ, ಕೆಲವರಿಗೆ ನೀಲಿ ಮತ್ತು ಕಪ್ಪು. ಉಡುಪು ನಿಜಕ್ಕೂ ನೀಲಿ ಕಪ್ಪಿನದು. ಗಂಡ ಹೆಂಡತಿ ಒಂದೇ ಶೇಡ್ ಕಾರ್ಡ್ ನೋಡಿ ಬೇರೆ ಬೇರೆ ಬಣ್ಣ ಹೇಳಿದರೆ ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು.

● ಮೊಬೈಲಿನಲ್ಲಿ ತೆಗೆದ ಗೋಡೆಯ ಫೋಟೋ ನೋಡಿ ಬಣ್ಣ ಆರಿಸಬೇಡಿ. ಬಿಳಿ ಬಿಳಿಯಾಗಿಯೇ ಕಾಣಲಿ ಎಂದು ಕ್ಯಾಮೆರಾ ತಾನಾಗಿ ಬಣ್ಣ ತಿದ್ದುತ್ತದೆ. ನ್ಯೂಟ್ರಲ್ ಬಣ್ಣಗಳ ಸೂಕ್ಷ್ಮ ಒಳಛಾಯೆಯೇ ಆ ತಿದ್ದುಪಡಿಯಲ್ಲಿ ಮೊದಲು ಅಳಿಸಿಹೋಗುವುದು.

● ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವನ್ನು ನೆನಪಿಸಿಕೊಳ್ಳಿ. ಉಜ್ಜಿ ಉಜ್ಜಿ ಕನ್ನಡಿಯಾದ ಆ ಕೆಂಪು ನೆಲದ ಮೇಲೆ ಕಿಟಕಿಯ ಬಿಸಿಲು ಬಿದ್ದಾಗ ಗೋಡೆಯ ಬುಡದ ಎರಡು ಮೂರು ಅಡಿ ಗುಲಾಬಿಯಾಗಿ ಬೆಳಗುತ್ತದೆ, ಮೇಲೆ ಹೋದಂತೆ ತಿಳಿಯಾಗುತ್ತದೆ. ಇಂಥ ಮನೆಗೆ ಗುಲಾಬಿ ಒಳಛಾಯೆಯ ಆಫ್‌ವೈಟ್ ತಂದರೆ ಕೆಂಪು ಎರಡು ಪಟ್ಟಾಗುತ್ತದೆ. ಕಿಟಕಿಯಾಚೆ ತೆಂಗಿನ ತೋಟವಿದ್ದರೆ ಒಳಗೆ ಬರುವ ಬೆಳಕೇ ಹಸಿರು. ಎದುರು ಮನೆಯವರು ಕಿತ್ತಳೆ ಬಣ್ಣ ಹೊಡೆಸಿದ್ದರೆ ಅದರ ಪಾಲೂ ನಿಮ್ಮ ಹಾಲ್‌ಗೆ ಬರುತ್ತದೆ. ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದವರಿಗೆ ಈ ತೊಡಕು ಕಡಿಮೆ, ಆದರೆ ಟೈಲ್ಸಿನ ಬಿಳಿಗೂ ಗೋಡೆಯ ಬಿಳಿಗೂ ಹೊಂದದಿದ್ದರೆ ಎರಡರಲ್ಲೊಂದು ಕೊಳೆಯಾದಂತೆ ಕಾಣುತ್ತದೆ.

● ಎರಡಂಗುಲದ ಚೌಕದಲ್ಲಿ ಹಿತವೆನಿಸಿದ ಬಣ್ಣ ನಾಲ್ಕೂ ಗೋಡೆಗೆ ಹೊಡೆದ ಮೇಲೆ ಗಾಢವಾಗುತ್ತದೆ. ಇದು ಬರೀ ಭ್ರಮೆಯಲ್ಲ. ಎದುರುಬದುರಿನ ಗೋಡೆಗಳ ನಡುವೆ ಬೆಳಕು ಚಿಮ್ಮಿ ಚಿಮ್ಮಿ, ಪ್ರತಿ ಸಲವೂ ಬಣ್ಣ ಹತ್ತಿಸಿಕೊಂಡೇ ನಿಮ್ಮ ಕಣ್ಣಿಗೆ ಬರುತ್ತದೆ. ಎರಡು ಶೇಡ್‌ಗಳ ನಡುವೆ ಮನಸ್ಸು ತೂಗುತ್ತಿದ್ದರೆ ತೆಳುವಾದದ್ದನ್ನು ಆರಿಸಿ.

● ಎಮಲ್ಷನ್ ಪೇಂಟ್ ಒದ್ದೆಯಿದ್ದಾಗ ತೆಳುವಾಗಿ ಕಂಡು, ಒಣಗಿದ ಮೇಲೆ ಸಾಮಾನ್ಯವಾಗಿ ಒಂದು ಗೆರೆ ಗಾಢವಾಗುತ್ತದೆ. ಅದರಲ್ಲಿರುವ ಅಂಟು ಹಸಿಯಲ್ಲಿ ಹಾಲಿನ ಬಣ್ಣಕ್ಕಿದ್ದು ಒಣಗಿದಾಗ ಪಾರದರ್ಶಕವಾಗುತ್ತದೆ. ಸುಣ್ಣದ್ದು ಇದಕ್ಕೆ ತದ್ವಿರುದ್ಧ. ಬಳಿಯುವಾಗ ಹಿಂದಿನ ಕಲೆಯೆಲ್ಲ ಕಾಣುತ್ತಿರುತ್ತದೆ, “ಸುಣ್ಣ ತೀರಾ ನೀರಾಯಿತು” ಎಂದು ಮನೆಯವರು ಗೊಣಗುತ್ತಾರೆ, ಒಣಗಿದಾಗ ಗೋಡೆ ಬೆಳ್ಳಗೆ ಎದ್ದು ಬರುತ್ತದೆ. ಎರಡರಲ್ಲಿ ಯಾವುದೇ ಆದರೂ ಹಸಿಗೋಡೆ ನೋಡಿ ತೀರ್ಮಾನಿಸಬಾರದು.

● ಸುಣ್ಣ ಬಳಿದ ಗೋಡೆ ಎಂದರೆ ಗೋಡೆಗೆ ಹಚ್ಚಿದ ತೆಳುವಾದ ಕಲ್ಲು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಕರಾವಳಿಯಲ್ಲಿ ಕಲ್ಲಿನ ಬದಲು ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ರಸಾಯನಶಾಸ್ತ್ರ ಒಂದೇ. ಗೋಡೆ ಉಸಿರಾಡಬಲ್ಲದು, ತೇವ ಒಳಗೆ ಸಿಕ್ಕಿಕೊಳ್ಳುವುದಿಲ್ಲ, ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಹಳೆಯ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿ ಅದು ಹಪ್ಪಳದ ಹಾಗೆ ಏಳುವುದನ್ನು ನೋಡುವುದಕ್ಕಿಂತ ಸುಣ್ಣವನ್ನೇ ಮುಂದುವರಿಸುವುದು ಒಳ್ಳೆಯದು.

● ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುವ ರೂಢಿ ಗೊತ್ತಲ್ಲ? ಸುಣ್ಣದೊಳಗಿನ ನಸುಹಳದಿಯನ್ನು ನೀಲಿ ಅಡಗಿಸುತ್ತದೆ, ಕಣ್ಣಿಗೆ ಹೆಚ್ಚು ಬಿಳುಪಾಗಿ ಕಾಣುತ್ತದೆ. ಆ ನೀಲಿಯೇ ಅಲ್ಟ್ರಾಮರೀನ್. ಒಂದು ಕಾಲಕ್ಕೆ ಅದನ್ನು ಆಫ್ಘಾನಿಸ್ತಾನದ ಬದಖ್ಶಾನ್ ಗಣಿಯ ನೀಲಿ ಕಲ್ಲನ್ನು ಅರೆದು ತೆಗೆಯುತ್ತಿದ್ದರು, ಯುರೋಪಿನಲ್ಲಿ ಬಂಗಾರದ ಬೆಲೆ ಬಾಳುತ್ತಿತ್ತು. 1820ರ ದಶಕದ ಕೊನೆಗೆ ಫ್ರಾನ್ಸಿನ ಗ್ವಿಮೆ ಮತ್ತು ಜರ್ಮನಿಯ ಗ್ಮೆಲಿನ್ ಅದನ್ನು ಕೃತಕವಾಗಿ ತಯಾರಿಸಿದ ಮೇಲೆ ಬಟ್ಟೆ ಒಗೆಯುವ ನೀಲಿಯಾಗಿ ಮನೆಮನೆಗೆ ಬಂತು. ನ್ಯೂಟ್ರಲ್ ಬಣ್ಣದ ಒಳಛಾಯೆ ತಿದ್ದುವ ಕಲೆ ನಮ್ಮ ಅಜ್ಜಿಯರ ಕೈಯಲ್ಲೇ ಇತ್ತು.

● ಇಂದಿನ ಬಿಳಿ ಪೇಂಟಿನ ಜೀವಾಳ ಟೈಟಾನಿಯಂ ಡೈಆಕ್ಸೈಡ್. ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಇದರ ರೂಟೈಲ್ ರೂಪ ವಜ್ರವನ್ನೂ ಮೀರಿಸುತ್ತದೆ. ವಜ್ರದ ವಕ್ರೀಭವನ ಸೂಚ್ಯಂಕ 2.4ರಷ್ಟು, ಇದರದ್ದು ಸುಮಾರು 2.7. ಹಳೆಯ ಬಣ್ಣವನ್ನು ಎರಡೇ ಕೋಟಿನಲ್ಲಿ ಮುಚ್ಚಲು ಸಾಧ್ಯವಾಗುವುದು ಇದರಿಂದ. ಇದರ ಅದಿರು ಕೇರಳದ ಕೊಲ್ಲಂ ಬಳಿಯ ಚವರದ ಕಡಲತೀರದ ಮರಳಿನಲ್ಲಿದೆ. ತಿರುವಾಂಕೂರು ಟೈಟಾನಿಯಂ ಕಂಪನಿ 1946ರಲ್ಲೇ ಸ್ಥಾಪನೆಯಾಯಿತು.

● ಟೈಟಾನಿಯಂ ಬಿಳಿ ಬರುವ ಮೊದಲು ಯುರೋಪಿನ ಬಿಳಿ ಗೋಡೆ, ಬಾಗಿಲುಗಳಲ್ಲಿದ್ದದ್ದು ಸೀಸದ ಬಿಳಿ. ಪೇಂಟರುಗಳ ನರಗಳನ್ನೂ ಕರುಳನ್ನೂ ಅದು ಹಾಳುಮಾಡುತ್ತಿತ್ತು. ಮನೆಯ ಒಳಾಂಗಣದಲ್ಲಿ ಅದರ ಬಳಕೆಗೆ ಕಡಿವಾಣ ಹಾಕುವ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲೇ ಮಾಡಿತು. ಭಾರತದಲ್ಲಿ ಮನೆಯ ಪೇಂಟಿನೊಳಗಿನ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಂದರೆ ನಿಮ್ಮ ಮನೆಯ ಹಳೆಯ ಎನಾಮಲ್ ಪದರದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗಲೇ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಉಜ್ಜಿಸಿ, ಪೇಂಟರಿಗೆ ಮಾಸ್ಕ್ ಕೊಡಿ, ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಮನೆಯಿಂದ ದೂರ ಇರಿಸಿ. ಬಣ್ಣದ ಆಯ್ಕೆಗಿಂತ ಇದು ದೊಡ್ಡದು.

● ನ್ಯೂಟ್ರಲ್ ಎಂದರೆ ತೆಳುವೇ ಆಗಬೇಕಿಲ್ಲ. ಸಾಗರ, ಸೊರಬ, ಸಿರಸಿಯ ದೀವರ ಮನೆಗಳಲ್ಲಿ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಹಿನ್ನೆಲೆ ಮಣ್ಣಿನದೇ ಬಣ್ಣ. ಆದ್ದರಿಂದಲೇ ಕೂದಲೆಳೆಯಂಥ ಬಿಳಿ ಗೆರೆಯೂ ಮಾರು ದೂರದಿಂದ ಎದ್ದು ಕಾಣುತ್ತದೆ. ಗೋಡೆಯ ಮೇಲೆ ಏನು ತೂಗುಹಾಕುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ, ಗೋಡೆಯ ಬಣ್ಣ ಅದಕ್ಕೆ ತಕ್ಕಂತೆ ಬರಲಿ.

● ಎಲ್ಲವೂ ಅಚ್ಚಬಿಳಿಯಾದರೆ ಕಣ್ಣು ಕುಕ್ಕುತ್ತದೆ. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಹ್ಯಾರಿ ಶರ್ಮನ್ ಈ ಕಾರಣಕ್ಕೇ ಆಪರೇಷನ್ ಥಿಯೇಟರಿನ ಬಿಳಿಯನ್ನು ತೆಗೆದು ಹಸಿರು ತಂದ.

● ಶೇಡ್ ಕಾರ್ಡಿನ ಹಿಂದೆ ಅಥವಾ ಕಂಪನಿಯ ಪಟ್ಟಿಯಲ್ಲಿ ಎಲ್‌ಆರ್‌ವಿ ಎಂಬ ಅಂಕಿ ಇದ್ದರೆ ಗಮನಿಸಿ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಗೋಡೆ ಹಿಂತಿರುಗಿಸುತ್ತದೆ ಎಂಬ ಲೆಕ್ಕ ಅದು. ಅಪಾರ್ಟ್‌ಮೆಂಟಿನ ಕತ್ತಲೆ ಹಾಲ್‌ಗೆ 70ಕ್ಕಿಂತ ಮೇಲಿನದು ಬೇಕು. ಬಿಸಿಲು ಸುರಿಯುವ ಹಾಲ್‌ಗೆ 60ರ ಸುತ್ತಿನದು ಹಿತ.

● ಗೋಡೆಗೂ ಸೀಲಿಂಗಿಗೂ ಒಂದೇ ಡಬ್ಬಿಯ ಬಣ್ಣ ಹೊಡೆದರೂ ಸೀಲಿಂಗ್ ಕಪ್ಪಾಗಿ ಕಾಣುತ್ತದೆ, ಕಿಟಕಿಯ ಬೆಳಕು ಅದಕ್ಕೆ ನೇರ ಬೀಳುವುದಿಲ್ಲ.

● ಮ್ಯಾಟ್ ಫಿನಿಶ್ ಗೋಡೆಯ ಉಬ್ಬುತಗ್ಗನ್ನು ಮುಚ್ಚುತ್ತದೆ, ಆದರೆ ಎಣ್ಣೆಗೈ ತಾಗಿದ ಕಲೆ ಹೋಗಿಸುವುದು ಕಷ್ಟ. ಹೊಳಪಿನ ಫಿನಿಶ್ ಒರೆಸಲು ಸುಲಭ, ಆದರೆ ಪುಟ್ಟಿ ಕೆಲಸದ ಪ್ರತಿಯೊಂದು ಕೊರತೆಯನ್ನೂ ತೋರಿಸುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ನಡುವಿನದು ಸಾಕು.

● ಬಾಗಿಲು ಚೌಕಟ್ಟಿಗೆ ಹೊಡೆಯುವ ಆಯಿಲ್ ಎನಾಮಲ್ ಬಿಳಿ ಕತ್ತಲಲ್ಲಿ ಹಳದಿಗಟ್ಟುತ್ತದೆ. ಬೀರುವಿನ ಹಿಂದಿನ ಭಾಗ ಮೊದಲು ಹಳದಿಯಾಗುವುದು ಇದಕ್ಕೇ. ಬೆಳಕಿಗೆ ಒಡ್ಡಿದರೆ ಬಹಳಮಟ್ಟಿಗೆ ಬಿಳುಪು ಮರಳುತ್ತದೆ. ಎಮಲ್ಷನ್ ಗೋಡೆ ಬೆಳ್ಳಗೇ ಉಳಿದು ಬಾಗಿಲು ಹಳದಿಯಾಗುವುದು ಬೇಡವೆನಿಸಿದರೆ ಬಾಗಿಲಿಗೂ ನೀರು ಆಧಾರಿತ ಎನಾಮಲ್ ಕೇಳಿ.

● ಇಂಗ್ಲೆಂಡಿನ ಫ್ಯಾರೋ ಅಂಡ್ ಬಾಲ್ ಕಂಪನಿಯ ಒಂದು ಬೂದು ಬಣ್ಣದ ಹೆಸರು ‘ಎಲಿಫೆಂಟ್ಸ್ ಬ್ರೆತ್’, ಅಂದರೆ ಆನೆಯ ಉಸಿರು! ಹೆಸರಿಗೆ ಮನಸೋಲುವುದು ಸಹಜ, ಡಬ್ಬಿ ಕೊಳ್ಳುವಾಗ ಮಾತ್ರ ಕೋಡ್ ಸಂಖ್ಯೆ ನೋಡಿ. ಹೆಸರಿನ ಮಾತು ಬಂದಾಗ ಇದನ್ನೂ ಹೇಳಬೇಕು: ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ದಶಕಗಳ ಕಾಲ ಬ್ರಷ್ ಹಿಡಿದು ನಿಂತಿದ್ದ ಗಟ್ಟು ಎಂಬ ತುಂಟ ಹುಡುಗನನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್.

● ನಿಜವಾದ ಪರೀಕ್ಷೆ ಹೀಗೆ. ಚಿಕ್ಕ ಡಬ್ಬಿ ತಂದು ಎರಡಡಿ ಚದರದ ದಪ್ಪ ರಟ್ಟಿಗೆ ಪ್ರೈಮರ್ ಹಾಕಿ, ಎರಡು ಕೋಟ್ ಹೊಡೆದು, ಸುತ್ತ ಎರಡಂಗುಲ ಬಿಳಿ ಅಂಚು ಬಿಡಿ. ಆ ಅಂಚಿಲ್ಲದಿದ್ದರೆ ಹಳೆಯ ಗೋಡೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ರಟ್ಟನ್ನು ಕಿಟಕಿಯ ಎದುರು ಗೋಡೆಗೆ, ಕಿಟಕಿಯ ಪಕ್ಕದ ಗೋಡೆಗೆ, ಕತ್ತಲೆ ಮೂಲೆಗೆ, ಸೋಫಾದ ಹಿಂದಕ್ಕೆ ಒರಗಿಸಿ. ಬೆಳಗಿನ ಕಾಫಿ ಹೊತ್ತಿನಲ್ಲಿ, ನಡುಮಧ್ಯಾಹ್ನ, ದೀಪ ಹಚ್ಚುವ ಹೊತ್ತಿನಲ್ಲಿ, ರಾತ್ರಿ ಟ್ಯೂಬ್‌ಲೈಟಿನಡಿ ನೋಡಿ. ನಾಲ್ಕು ಹೊತ್ತಿನಲ್ಲೂ ಹಿಡಿಸಿದ್ದನ್ನೇ ಆರಿಸಿ. ಎಲ್ಲ ಹೊತ್ತಿಗೂ ಒಪ್ಪುವುದು ಸಿಗದಿದ್ದರೆ ಮನೆಮಂದಿ ಒಟ್ಟಿಗೆ ಕೂರುವ ಹೊತ್ತಿಗೆ ಯಾವುದು ಚೆಂದವೋ ಅದು.

● ಲೆಕ್ಕ ಹೀಗೆ: 12ಕ್ಕೆ 14 ಅಡಿಯ ಹಾಲ್, ಎತ್ತರ 10 ಅಡಿ ಎನ್ನಿ. ಸುತ್ತಳತೆ 52 ಅಡಿ, ಗೋಡೆ 520 ಚದರಡಿ. ಬಾಗಿಲು ಕಿಟಕಿ 60 ಕಳೆದರೆ 460. ಎರಡು ಕೋಟಿಗೆ 920. ಡಬ್ಬಿಯ ಮೇಲೆ ಲೀಟರಿಗೆ ಒಂದು ಕೋಟ್ ಎಷ್ಟು ಚದರಡಿ ಎಂದು ಬರೆದಿರುತ್ತಾರೋ ಅದರಿಂದ ಭಾಗಿಸಿ.

● ಅಂಗಡಿಯ ಯಂತ್ರ ಬಿಳಿ ಬೇಸ್ ಪೇಂಟಿಗೆ ಬಣ್ಣದ ಹನಿಗಳನ್ನು ಹಾಕಿ ಶೇಡ್ ತಯಾರಿಸುತ್ತದೆ. ಕಡು ಬಣ್ಣಕ್ಕೆ ಧಾರಾಳವಾಗಿ ಬೀಳುವ ಬಣ್ಣ ಆಫ್‌ವೈಟ್‌ಗೆ ಬೀಳುವುದು ಕೆಲವೇ ಹನಿ. ಒಂದು ಹನಿ ಹೆಚ್ಚುಕಡಿಮೆಯಾದರೂ ಗೋಡೆಯ ಮೇಲೆ ತೇಪೆ ಕಾಣುತ್ತದೆ. ಆದ್ದರಿಂದ ಹಾಲ್‌ಗೆ ಬೇಕಾದಷ್ಟನ್ನೂ ಒಂದೇ ಸಲ, ಒಂದೇ ಬ್ಯಾಚಿನಲ್ಲಿ ತನ್ನಿ. ಡಬ್ಬಿಗಳನ್ನೆಲ್ಲ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಯೇ ಹೊಡೆಯುವಂತೆ ಪೇಂಟರಿಗೆ ಹೇಳಿ.

● ಕೆಲಸ ಮುಗಿದ ದಿನವೇ ಕಂಪನಿ, ಶೇಡ್ ಕೋಡ್, ಫಿನಿಶ್, ಬ್ಯಾಚ್ ಸಂಖ್ಯೆ, ತಾರೀಖು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಉಳಿದ ಬಣ್ಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೆರಳಿನಲ್ಲಿಡಿ. ಮುಂದೊಂದು ದಿನ ಎಸಿ ಕೂರಿಸಲು ಗೋಡೆ ಕೊರೆದಾಗ ಆ ತೂತಿನ ಸುತ್ತ ಹಚ್ಚಲು ಬೇಕಾಗುವುದು ಅದೇ ಬಣ್ಣ.